ಥೀಸಿಸ್ ಬೈಂಡಿಂಗ್‌ಗೆ ಶಿವಮೊಗ್ಗದಲ್ಲಿ ನಂಗೆ ಸಿಕ್ಕಿದ ಅಂಗಡಿ

ಹೋದ ತಿಂಗಳು ನನ್ನ ಪಿಎಚ್‌ಡಿ ಥೀಸಿಸ್ ಸಬ್ಮಿಟ್ ಆಯ್ತು, ಆವತ್ತಿಂದ ನಮ್ಮ ಕಡೆ ಹುಡುಗ ಹುಡುಗೀರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ ಕೇಳ್ತಿದಾರೆ, ಅಕ್ಕ ಪ್ರಿಂಟ್ ಎಲ್ಲಿ ಹಾಕ್ಸಿದ್ರಿ, ಬೈಂಡಿಂಗ್ ಎಷ್ಟಾಯ್ತು, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದನ್ನ ಸರಿ ಮಾಡ್ಕೊಡ್ತಾರಾ ಅಂತ. ಎಲ್ರಿಗೂ ಬಿಡಿಬಿಡಿಯಾಗಿ ಹೇಳೋ ಬದ್ಲು ಇಲ್ಲೇ ಪೂರ್ತಿ ಬರೆದು ಹಾಕ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಹೇಳ್ಬೇಕಾದ್ದು ಅಷ್ಟಿದೆ.

ಅಂಗಡಿ ಇರೋದು ದುರ್ಗಿಗುಡಿ ಹತ್ರ ಒಂದು ಸಂದೀಲಿ. ಹೆಸರು ಹಾಕಲ್ಲ, ಓನರ್ರೇ ಬೇಡ ಅಂದ್ರು, ಸೀಸನ್ನಲ್ಲಿ ಈಗ ಬರೋ ಕೆಲಸನೇ ಮಾಡಿ ಮುಗ್ಸೋಕಾಗ್ತಿಲ್ಲ ಅಂತೆ. ಬೇಕಾದೋರು ಕೇಳಿ, ದಾರಿ ಹೇಳ್ತೀನಿ. ಹೊರಗಿಂದ ನೋಡಿದ್ರೆ ಮಾಮೂಲಿ ಜೆರಾಕ್ಸ್ ಅಂಗಡಿ, ಮುಂದೆ ಎರಡು ಜೆರಾಕ್ಸ್ ಮಿಷನ್ನು, ಒಂದು ಕಲರ್ ಪ್ರಿಂಟರ್ರು, ಎರಡು ಕಂಪ್ಯೂಟರ್ರು, ಹಿಂದಿನ ರೂಮಲ್ಲಿ ಬೈಂಡಿಂಗ್. ಓನರ್‌ಗೆ ಐವತ್ತೈದರ ಆಸುಪಾಸು, ಎಲ್ರೂ ಅಣ್ಣ ಅಂತಾರೆ, ನಾನೂ ಅಣ್ಣ ಅಂತಲೇ ಬರೀತೀನಿ. ಒಳಗೆ ಅವರ ಮನೆಯೋರು ಮತ್ತೆ ಒಬ್ಬರು ವಯಸ್ಸಾದ ಬೈಂಡರ್ ಇದಾರೆ, ಹೊಲಿಗೆ, ಅಂಟು, ರೆಕ್ಸಿನ್ ಎಲ್ಲ ಅವರಿಬ್ಬರದ್ದೇ.

ನನ್ನ ವಿಷಯ ಸಾಗರ ಸೊರಬ ಕಡೆ ದೀವರ ಸಮುದಾಯದ ಹೆಣ್ಮಕ್ಕಳು ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರ, ಭೂಮಿ ಹುಣ್ಣಿಮೆ ಹಬ್ಬಕ್ಕೆ ಚಿತ್ತಾರ ಬರೆಯೋ ಬುಟ್ಟಿ, ಮತ್ತೆ ಮದುವೇಲಿ ಹಸೆ ಬರೆಯೋವಾಗ ಹಾಡೋ ಹಾಡುಗಳು. ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ ಮಾಡಿದ್ದು. 312 ಪೇಜು, ಅದ್ರಲ್ಲಿ 46 ಕಲರ್. ಮೊದಲ ಮೂರು ಅಧ್ಯಾಯ ನುಡೀಲಿ ಟೈಪ್ ಮಾಡಿದ್ದೆ, ಆಮೇಲಿಂದು ಯುನಿಕೋಡಲ್ಲಿ (ಯಾವ ಕಂಪ್ಯೂಟರಿಗೂ ಕನ್ನಡ ಅಂತ ಗೊತ್ತಾಗೋ ಅಕ್ಷರ ಪದ್ಧತಿ ಅದು), ಹಾಡುಗಳನ್ನ ಎಂಎ ಓದೋವಾಗಲೇ ಇನ್ನೊಬ್ಬರ ಕೈಲಿ ಬರಹ ಅನ್ನೋ ಇನ್ನೊಂದು ಸಾಫ್ಟ್‌ವೇರಲ್ಲಿ ಟೈಪ್ ಮಾಡ್ಸಿಟ್ಟಿದ್ದೆ. ಮೂರನ್ನೂ ಸೇರ್ಸಿ ಒಂದೇ ಫೈಲ್ ಮಾಡ್ಕೊಡಿ ಅಂತ ನಾಲ್ಕು ಕಡೆ ಕೇಳಿದೆ, ಪ್ರಿಂಟ್ ಸರಿ ಬಂದ್ರೆ ಸಾಕಲ್ವಾ ಮೇಡಂ ಅಂದ್ರು ಎಲ್ರೂ. ಈ ಅಣ್ಣ ಒಬ್ರೇ, "ಪ್ರಿಂಟ್ ಬರುತ್ತೆ ಮೇಡಂ, ನಾಳೆ ಯಾರಾದ್ರೂ ಹುಡುಕಿದ್ರೆ ಸಿಗ್ಬೇಕಲ್ಲ" ಅಂದಿದ್ದು.

ಈ ಮಾತು ನಂಗೆ ಯಾಕೆ ಅಷ್ಟು ಹಿಡಿಸ್ತು ಅಂದ್ರೆ, ಆರು ವರ್ಷ ನಾನು ಬೇರೆಯೋರ ಥೀಸಿಸ್ ಹುಡುಕಿ ಹುಡುಕಿ ಸೋತಿದೀನಿ. ಈಗ ಪಿಎಚ್‌ಡಿ ಆದ ಮೇಲೆ ಸಾಫ್ಟ್ ಕಾಪಿ ಶೋಧಗಂಗಾ ಅನ್ನೋ ಆನ್‌ಲೈನ್ ಥೀಸಿಸ್ ಭಂಡಾರಕ್ಕೆ ಹೋಗುತ್ತೆ, ಯುಜಿಸಿ (ವಿಶ್ವವಿದ್ಯಾಲಯಗಳ ಅನುದಾನ ಆಯೋಗ) 2009ರಲ್ಲೇ ಈ ನಿಯಮ ಮಾಡಿದ್ದು, ಗುಜರಾತಿನ ಗಾಂಧಿನಗರದಲ್ಲಿರೋ ಇನ್‌ಫ್ಲಿಬ್‌ನೆಟ್ ಸೆಂಟರ್ ಅದನ್ನ ನಡೆಸುತ್ತೆ, ಒಂದೊಂದು ಅಧ್ಯಾಯಕ್ಕೆ ಒಂದೊಂದು ಪಿಡಿಎಫ್, ಯಾರು ಬೇಕಾದ್ರೂ ದುಡ್ಡಿಲ್ದೆ ಓದ್ಬಹುದು. ಬಹಳ ದೊಡ್ಡ ಉಪಕಾರ ಅದು. ಆದ್ರೆ ಒಳಗಿರೋ ಫೈಲು ನುಡಿಯ ಹಳೇ ಫಾಂಟಲ್ಲಿ ಇದ್ರೆ ಕಂಪ್ಯೂಟರ್‌ಗೆ ಅದು ಕನ್ನಡ ಅಂತಲೇ ಗೊತ್ತಾಗಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರ್ತಾರೆ ಅಷ್ಟೇ. ಕಣ್ಣಿಗೆ ಕನ್ನಡ ಕಾಣುತ್ತೆ, 'ಚಿತ್ತಾರ' ಅಂತ ಹುಡುಕಿದ್ರೆ ಒಂದೂ ಸಿಗಲ್ಲ, ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಏನೇನೋ ಚಿಹ್ನೆ. ಒಬ್ಬ ಹೆಣ್ಮಗಳು ಊರೂರು ಸುತ್ತಿ, ಅಜ್ಜೀರ ಮುಂದೆ ಕೂತು ಬರ್ಕೊಂಡ ಹಾಡು ಹಂಗೆ ಮುಚ್ಚಿಹೋಗೋದು ಅಂದ್ರೆ ಹೊಟ್ಟೆ ಉರಿಯುತ್ತೆ ಮಾರಾಯ್ರೆ.

ನುಡಿಯಿಂದ ಯುನಿಕೋಡ್ ಮಾಡೋ ಕನ್ವರ್ಟರ್‌ಗೆ ಹಾಕಿದ್ರೆ ಆಗೋಯ್ತಲ್ಲ ಅಂತೀರ. ಹಾಕಿ ನೋಡಿ. ಅರ್ಕಾವತ್ತು, ಅಂದ್ರೆ 'ರ್' ಗುರುತು, ಇರೋ ಕಡೆಯೆಲ್ಲ ಎಡವುತ್ತೆ, 'ಕರ್ನಾಟಕ' ಹೋಗಿ 'ಕನರ್ಾಟಕ' ಆಗುತ್ತೆ, 'ಧರ್ಮ' ಹೋಗಿ 'ಧಮರ್' ಆಗುತ್ತೆ. ಅಣ್ಣ ಒಂದು ನೋಟ್‌ಬುಕ್ ಇಟ್ಕೊಂಡಿದಾರೆ, ಅದ್ರಲ್ಲಿ ಇಂಥ ತಪ್ಪುಗಳದ್ದೇ ಪಟ್ಟಿ, ಇಷ್ಟು ವರ್ಷದಲ್ಲಿ ಅವರೇ ಕಂಡು ಬರ್ಕೊಂಡಿದ್ದು. ಒಂದೊಂದನ್ನೂ ಫೈಲಲ್ಲಿ ಹುಡುಕಿ ಸರಿ ಮಾಡ್ತಾರೆ, ಅದಾದ ಮೇಲೆ ಮತ್ತೆ ಮೊದಲಿಂದ ಓದ್ತಾರೆ. ಹಾಡಲ್ಲಿ ಬರೋ ಆಡುಮಾತು ಮಾತ್ರ ನನ್ನನ್ನ ಪಕ್ಕ ಕೂರಿಸ್ಕೊಂಡು ಕೇಳಿ ಕೇಳಿ ಮಾಡಿದ್ರು, "ಇದು ತಪ್ಪಾ, ಅಥವಾ ನಿಮ್ಮ ಕಡೆ ಹಿಂಗೇ ಅಂತಾರಾ ಮೇಡಂ?" ಅಂತ. ಇನ್ನೊಂದು, ವರ್ಡಲ್ಲಿ ಲೈನ್ ಗ್ಯಾಪ್ ಬಿಗಿಯಾಗಿ ಕೊಟ್ರೆ ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತೆ, ನನ್ನ ಫೈಲಲ್ಲಿ ಎಷ್ಟೋ ಕಡೆ ಹಂಗಾಗಿತ್ತು, ನಾನು ನೋಡೇ ಇರ್ಲಿಲ್ಲ. ಎಡಗಡೆ ಒಂದೂವರೆ ಇಂಚು ಬಿಟ್ಟಿರಿ, ಬೈಂಡಿಂಗ್‌ಗೆ ಬೇಕು, ಅದನ್ನೂ ಅವರೇ ಸರಿ ಮಾಡಿದ್ರು. ಕೊನೇಲಿ ಪಿಡಿಎಫ್ ಆದ ಮೇಲೆ ನನ್ನ ಕೈಲೇ ನಾಲ್ಕೈದು ಪದ ಟೈಪ್ ಮಾಡ್ಸಿ ಹುಡುಕ್ಸಿದ್ರು. 'ಹಸೆ' ಸಿಕ್ತು, 'ಭೂಮಣ್ಣಿ' ಸಿಕ್ತು, ಭೂಮಿ ಹುಣ್ಣಿಮೆ ಬುಟ್ಟಿಗೆ ಹಂಗಂತಾರೆ. ಅಷ್ಟೊತ್ತಿಗೆ ನಂಗೆ ಕಣ್ಣಲ್ಲಿ ನೀರೇ ಬಂತು.

ಈ ಕೆಲಸಕ್ಕೆ ಮೂರು ದಿನ ಹಿಡೀತು, ಮೂರು ದಿನವೂ ನಾನು ಅಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿದ್ದೆ. ರಿವ್ಯೂ ಬರೀಬೇಕು ಅನ್ಸಿದ್ದೇ ಆ ಮೂರು ದಿನದಿಂದ. ನಾವು ಡಿಪಾರ್ಟ್‌ಮೆಂಟಲ್ಲಿ ಇದ್ದಾಗ ನಮ್ಮದೊಂದೇ ಪ್ರಪಂಚ, ಪಕ್ಕದ ಬಿಲ್ಡಿಂಗಲ್ಲಿ ಬಾಟನಿಯೋರು ಏನು ಮಾಡ್ತಿದಾರೆ ಗೊತ್ತಿರಲ್ಲ. ಈ ಅಂಗಡಿ ಕೌಂಟರ್ ಮೇಲೆ ಎಲ್ಲಾ ಬಂದು ಬೀಳುತ್ತೆ. ಶಂಕರಘಟ್ಟದ್ದು ಬರುತ್ತೆ, 1987ರಲ್ಲಿ ಶುರುವಾದಾಗಿನಿಂದ ಶಿವಮೊಗ್ಗ ಚಿಕ್ಕಮಗಳೂರು ಕಡೆ ಮಕ್ಕಳಿಗೆ ಅದೇ ಯೂನಿವರ್ಸಿಟಿ, ಕೃಷಿ ತೋಟಗಾರಿಕೆ ವಿಶ್ವವಿದ್ಯಾಲಯದ್ದು ಬರುತ್ತೆ, ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟು, ಬಿಎಡ್‌ನೋರ ಫೈಲು, ಮೆಡಿಕಲ್ ಪಿಜಿಗಳ ಡೆಸರ್ಟೇಶನ್ನು, ಎಲ್ಲವೂ.

ಮೊದಲ್ನೇ ದಿನ ಬೆಳಗ್ಗೆ ಒಬ್ಬ ಹುಡುಗ ಅಡಿಕೆ ಎಲೆಚುಕ್ಕಿ ರೋಗದ ಮೇಲೆ ಮಾಡಿದ್ದ ಎಂಎಸ್ಸಿ ಥೀಸಿಸ್ ತಂದಿದ್ದ, ಎಲೆ ಮೇಲಿನ ಚುಕ್ಕಿ ಹೆಂಗೆ ದಿನದಿಂದ ದಿನಕ್ಕೆ ದೊಡ್ಡದಾಗುತ್ತೆ ಅಂತ ಸಾಲಾಗಿ ಫೋಟೋ. ಜೆರಾಕ್ಸ್‌ಗೆ ಆಧಾರ್ ಕಾರ್ಡ್ ಹಿಡ್ಕೊಂಡು ಬಂದಿದ್ದ ಹೊಸನಗರ ಕಡೆಯ ತೋಟದೋರು ಒಬ್ಬರು ಅದನ್ನ ನೋಡಿದೋರೇ ತಮ್ಮ ಕೆಲಸ ಮರೆತು ಆ ಹುಡುಗನ್ನ ಅರ್ಧ ಗಂಟೆ ನಿಲ್ಸಿ ಪ್ರಶ್ನೆ ಕೇಳಿದ್ರು, ಯಾವ ತಿಂಗಳಲ್ಲಿ ಔಷಧಿ ಹೊಡೀಬೇಕು, ಬಿದ್ದ ಸೋಗೆ ತೋಟದಲ್ಲೇ ಬಿಟ್ರೆ ಏನಾಗುತ್ತೆ ಅಂತ. ಆ ಹುಡುಗ ಎಷ್ಟು ಚೆನ್ನಾಗಿ ಉತ್ತರ ಕೊಟ್ಟ ಅಂದ್ರೆ, ವೈವಾ ಅಲ್ಲೇ ಮುಗೀತು ಅನ್ನಿಸ್ತು ನಂಗೆ. ಮಧ್ಯಾಹ್ನ ಮಂಗನ ಕಾಯಿಲೆ ಬಗ್ಗೆ ಒಂದು ಬಂತು. 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಕಂಡಿದ್ದು ಆ ಕಾಯಿಲೆ, ಊರ ಹೆಸರೇ ಕಾಯಿಲೆಗೂ ಬಂದುಬಿಟ್ಟಿದೆ, ಉಣುಗು (ಉಣ್ಣೆ) ಕಚ್ಚಿ ಮಂಗಕ್ಕೂ ಮನುಷ್ಯರಿಗೂ ಬರೋದು. ಸೊಪ್ಪು, ಒಣ ಎಲೆ ದರಗು ತರೋಕೆ ಕಾಡಿಗೆ ಹೋಗೋರಿಗೆ ಮುಂಜಾಗ್ರತೆ ಬಗ್ಗೆ ಎಷ್ಟು ಗೊತ್ತಿದೆ ಅಂತ ಮನೆಮನೆಗೆ ಹೋಗಿ ಕೇಳಿ ಮಾಡಿದ ಕೆಲಸ. ಅದಾದ ಮೇಲೆ ಸಮಾಜಶಾಸ್ತ್ರದ ಹುಡುಗಿ ಒಬ್ಬಳು, 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ತುಂಬಿದಾಗ ಊರು ಬಿಟ್ಟೋರ ಮೊಮ್ಮಕ್ಕಳನ್ನ ಮಾತಾಡ್ಸಿ ಬರ್ದಿದ್ಲು. ಅವಳ ಫೈಲಲ್ಲಿ ಒಂದು ಕೈಬರಹದ ನಕ್ಷೆ ಇತ್ತು, ಒಬ್ಬ ಅಜ್ಜ ನೆನಪಿಂದ ಬರೆದುಕೊಟ್ಟ ಮುಳುಗಡೆ ಊರಿಂದು, ಯಾರ ಮನೆ ಎಲ್ಲಿತ್ತು, ಬಾವಿ ಎಲ್ಲಿ, ಹಲಸಿನ ಮರ ಎಲ್ಲಿ ಅಂತ. ನಾನೂ ಅಣ್ಣನ ಮನೆಯೋರೂ ಅದನ್ನ ಎಷ್ಟೋ ಹೊತ್ತು ಹಿಡ್ಕೊಂಡು ನೋಡಿದ್ವಿ.

ಎರಡನೇ ದಿನ ಕೆಳದಿ ಚೆನ್ನಮ್ಮ ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಿದ್ದರ ಬಗ್ಗೆ ಹಿಸ್ಟರಿ ಪ್ರಾಜೆಕ್ಟು, ಭದ್ರಾ ನೀರಿನ ಪರೀಕ್ಷೆ ಮಾಡಿದ್ದು ಒಂದು, ಅಡಿಕೆ ಸುಲಿಯೋ ಮಿಷನ್ನಿನ ಡಿಸೈನ್ ಒಂದು. ಇವೆಲ್ಲದರ ಮಧ್ಯೆ ಒಬ್ಬ ಎಂಎ ಹುಡುಗ ಬರೀ ನಲವತ್ತು ಪೇಜಿನ ಕವನ ತಂದಿದ್ದ, ಯಾವ ಮಾರ್ಕ್ಸಿಗೂ ಅಲ್ಲ, ಫ್ರೆಂಡ್ಸ್‌ಗೆ ಕೊಡೋಕೆ ಹತ್ತು ಕಾಪಿ ಬೇಕು ಅಂತ. ಅವನ ಹತ್ರ ದುಡ್ಡು ಕಮ್ಮಿ ಇತ್ತು. ಅಣ್ಣ ಸ್ಪೈರಲ್ ಬೇಡ ಕವನಕ್ಕೆ ಅದು ಚೆಂದ ಕಾಣಲ್ಲ ಅಂತ ಹೇಳಿ ಉಳಿದಿದ್ದ ತುಂಡು ಬಟ್ಟೇಲಿ ಹತ್ತಕ್ಕೂ ಹೊಲಿಗೆ ಹಾಕ್ಸಿದ್ರು, ಪ್ರಿಂಟಿನ ದುಡ್ಡಷ್ಟೇ ತಗೊಂಡ್ರು. ಪಿಎಚ್‌ಡಿಗೆ ಒಂದು ಮರ್ಯಾದೆ, ಕವನಕ್ಕೆ ಒಂದು ಮರ್ಯಾದೆ ಅಂತ ಅಲ್ಲಿ ಇಲ್ಲ. ನಂಗೆ ಈ ಅಂಗಡೀಲಿ ಎಲ್ಲಕ್ಕಿಂತ ಇಷ್ಟ ಆಗಿದ್ದು ಇದೇ.

ಯಾಕೆ ಇದನ್ನ ಒತ್ತಿ ಹೇಳ್ತೀನಿ ಅಂದ್ರೆ ಯೂನಿವರ್ಸಿಟಿಲಿ ಆಗೋ ಕೆಲಸ ಅಂದ್ರೆ ಥೀಸಿಸ್ ಮಾತ್ರ ಅಂತ ನಾವೇ ಅಂದ್ಕೊಂಡುಬಿಟ್ಟಿದೀವಿ. ನಮ್ಮ ತೀರ್ಥಹಳ್ಳಿ ಕಡೆಯೋರೇ ಅಲ್ವಾ ಅನಂತಮೂರ್ತಿಯವ್ರು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋಗಿದ್ದು ಪಿಎಚ್‌ಡಿಗೆ, ಅದು 1966ರಲ್ಲಿ ಆಯ್ತು, ಆದ್ರೆ ಅಲ್ಲಿದ್ದಾಗಲೇ ಬರೆದ ಸಂಸ್ಕಾರ ಕಾದಂಬರಿ 1965ರಲ್ಲೇ ಬಂದುಬಿಟ್ಟಿತ್ತು. ಇವತ್ತು ಮನೆಮನೇಲಿ ಗೊತ್ತಿರೋದು ಯಾವುದು ಹೇಳಿ. ಕುಪ್ಪಳಿಯ ಕುವೆಂಪು ಅವ್ರು ಮೇಷ್ಟ್ರಾಗಿ, ಪ್ರಿನ್ಸಿಪಾಲರಾಗಿ, 1956ರಿಂದ 1960ರ ತನಕ ಮೈಸೂರು ವಿಶ್ವವಿದ್ಯಾಲಯದ ಕುಲಪತಿನೂ ಆಗಿ, ಬರೆಯೋದನ್ನ ಬಿಡ್ಲಿಲ್ಲ. ಒಂದೇ ಮನುಷ್ಯನೊಳಗೆ ಎರಡೂ ಕೆಲಸ ಇರುತ್ತೆ. ಹಾಗಿದ್ದಾಗ ನಮ್ಮ ಮಕ್ಕಳು ಹಾಸ್ಟೆಲಲ್ಲಿ ಕೂತು ಬರೆಯೋ ಕಥೆ, ಕಾಲೇಜಿಗೆ ಮಾಡೋ ನಾಟಕದ ಸ್ಕ್ರಿಪ್ಟು, ಜರ್ನಲಿಸಂನೋರು ಸುತ್ತಾಡಿ ತೆಗೆಯೋ ಡಾಕ್ಯುಮೆಂಟರಿ, ಇವು ಎಲ್ಲೂ ಉಳಿಯೋದೇ ಇಲ್ಲ, ಶೋಧಗಂಗಾಕ್ಕೆ ಹೋಗೋದು ಥೀಸಿಸ್ ಮಾತ್ರ. ಪೆನ್‌ಡ್ರೈವ್ ಕಳೆದ್ರೆ ನಾಟಕನೂ ಕಳೀತು. ಅಣ್ಣ ಇಂಥದ್ದಕ್ಕೆ ಒಂದು ಹಾರ್ಡ್‌ಡಿಸ್ಕ್ ಇಟ್ಟಿದಾರೆ, ಕೇಳಿ, ಒಪ್ಪಿದೋರದ್ದು ಮಾತ್ರ ಹಾಕಿಡ್ತಾರೆ, ಫೈಲ್ ಹೋಯ್ತು ಅಂತ ವರ್ಷ ಬಿಟ್ಟು ಅಳ್ತಾ ಬಂದೋರಿಗೆ ತೆಗೆದು ಕೊಡ್ತಾರೆ. ನನ್ನೆದುರಿಗೇ ಒಬ್ಬಳಿಗೆ ಕೊಟ್ರು.

ಮತ್ತೊಂದು ವಿಷಯ. ರೆಡಿಮೇಡ್ ಪ್ರಾಜೆಕ್ಟ್ ಕೇಳ್ಕೊಂಡು ಇಲ್ಲಿಗೆ ಹೋಗ್ಬೇಡಿ. ಪ್ಲೇಜಿಯರಿಸಂ (ಬೇರೆಯೋರದ್ದನ್ನ ಕದ್ದು ಬರೆಯೋದು) ಪರ್ಸೆಂಟೇಜ್ ಇಳಿಸೋಕೆ ಪದ ಬದಲಾಯಿಸಿ ಕೊಡಿ ಅಂತ ಒಬ್ಬ ಬಂದಿದ್ದ, ಅಣ್ಣ ಬೈಲಿಲ್ಲ, ಕೂರಿಸಿ ಹೇಳಿದ್ರು. 2018ರ ಯುಜಿಸಿ ನಿಯಮದ ಪ್ರಕಾರ 10 ಪರ್ಸೆಂಟ್ ತನಕ ತೊಂದರೆ ಇಲ್ಲ, ಅದಕ್ಕಿಂತ ಜಾಸ್ತಿ 40ರ ತನಕ ಆದ್ರೆ ಆರು ತಿಂಗಳೊಳಗೆ ತಿದ್ದಿ ಕೊಡ್ಬೇಕು, 40 ದಾಟಿದ್ರೆ ಒಂದು ವರ್ಷ ಕೊಡೋ ಹಾಗೇ ಇಲ್ಲ, 60 ದಾಟಿದ್ರೆ ರಿಜಿಸ್ಟ್ರೇಶನ್ನೇ ರದ್ದು. "ಎಲ್ಲಿಂದ ತಗೊಂಡ್ಯೋ ಅವರ ಹೆಸರು ಹಾಕು ತಮ್ಮಾ, ಅಷ್ಟಕ್ಕೆ ಅರ್ಧ ಕಮ್ಮಿ ಆಗುತ್ತೆ" ಅಂದ್ರು. ಅವನು ಸಂಜೆ ತನಕ ಅಲ್ಲೇ ಕೂತು ಅಡಿಟಿಪ್ಪಣಿ ಹಾಕಿದ.

ಈಗ ಬಣ್ಣದ ವಿಷಯಕ್ಕೆ ಬರ್ತೀನಿ, ನಂಗೆ ಅದೇ ಮುಖ್ಯ ಆಗಿತ್ತು. ಚಿತ್ತಾರದಲ್ಲಿ ಇರೋದೇ ನಾಲ್ಕು ಬಣ್ಣ. ನೆಲದ ಕೆಂಪು ಕೆಮ್ಮಣ್ಣಿಂದು, ಬಿಳಿ ನೆನೆಸಿ ರುಬ್ಬಿದ ಅಕ್ಕಿದು, ಕಪ್ಪು ಹುರಿದು ಕಪ್ಪಾದ ಅಕ್ಕಿದು, ಹಳದಿ ಗುರಿಗೆ ಕಾಯಿದು. ಬರೆಯೋದು ಪುಂಡಿನಾರಿನ ಕುಂಚದಲ್ಲಿ, ಒಂದು ಎಳೆ ಪಕ್ಕ ಇನ್ನೊಂದು ಎಳೆ, ಕೈ ನಡುಗಬಾರ್ದು. ಆ ಕೆಂಪು ಯಾವ ಪ್ರಿಂಟರಲ್ಲೂ ಬರೋದಿಲ್ಲ, ಒಂದೋ ಟೊಮೇಟೊ ಕೆಂಪಾಗುತ್ತೆ ಇಲ್ಲ ಚಾಕಲೇಟ್ ಕಲರ್ ಆಗುತ್ತೆ. ನಾನು ಊರಿಂದ ಒಂದು ಚಿಕ್ಕ ಬುಟ್ಟೀನೇ ಬಟ್ಟೇಲಿ ಸುತ್ಕೊಂಡು ತಂದಿದ್ದೆ. ಅಣ್ಣ ಮೊದಲ್ನೇ ಪ್ರಿಂಟ್ ತೆಗೆದ್ರು, ಬುಟ್ಟಿ ಪಕ್ಕ ಇಟ್ರು, ತಲೆ ಅಲ್ಲಾಡಿಸಿದ್ರು. ಟ್ಯೂಬ್‌ಲೈಟಲ್ಲಿ ಬಣ್ಣ ಸುಳ್ಳು ಹೇಳುತ್ತೆ ಅಂತ ಎರಡನ್ನೂ ಎತ್ಕೊಂಡು ಹೊರಗೆ ರೋಡಿಗೆ ಬಂದ್ರು, ಬಿಸಿಲಲ್ಲಿ ಹಿಡಿದ್ರು, ಒಳಗೆ ಹೋಗಿ ಏನೋ ಕಮ್ಮಿ ಜಾಸ್ತಿ ಮಾಡಿ ಇನ್ನೊಂದು ತೆಗೆದ್ರು, ಮತ್ತೆ ರೋಡಿಗೆ. ಒಂಬತ್ತು ಸಲ ಹಿಂಗೆ. ಆರನೇದಕ್ಕೆ ನಾನೇ ಸಾಕು ಅಣ್ಣ ಅಂದೆ, ಅವರು ಬಿಡ್ಲಿಲ್ಲ. ಗ್ಲಾಸಿ ಪೇಪರ್ ತೆಗೆದು ಮ್ಯಾಟ್ ಪೇಪರ್ ಹಾಕಿದ್ ಮೇಲೆ ಬಂತು ನೋಡಿ, ಮಳೆ ಬಿದ್ದ ಧರೆ ಹಾಗೆ ಕೆಂಪು, ಬಿಳಿ ಎಳೆ ಒಂದೊಂದೂ ಬೇರೆ ಬೇರೆ ಕಾಣ್ತಿತ್ತು. ಒಂಬತ್ತು ಟೆಸ್ಟ್ ಪ್ರಿಂಟಿಗೂ ದುಡ್ಡು ತಗೊಳ್ಳಲಿಲ್ಲ.

ಬೈಂಡಿಂಗು ಗಟ್ಟಿ. ನಮ್ಮ ಮಲೆನಾಡಲ್ಲಿ ಪುಸ್ತಕದ ಶತ್ರು ಅಂದ್ರೆ ಮಳೆಗಾಲ, ಜೂನಿಂದ ಸೆಪ್ಟೆಂಬರ್ ಒಳಗೆ ರೆಕ್ಸಿನ್ ಮೇಲೆ ಬೂಷ್ಟು ಕೂರುತ್ತೆ, ಒಳಗಿನ ಅಂಟನ್ನ ಹುಳ ತಿನ್ನುತ್ತೆ. ಹಿಂದಿನ ರೂಮಿನ ಅಜ್ಜ ಅಂಟನ್ನ ಅವರೇ ಕಾಯಿಸ್ತಾರೆ, ಮೈದಾ ಹಿಟ್ಟು ನೀರು ಹಾಕಿ ಸಣ್ಣ ಉರೀಲಿ ಕೈ ಬಿಡದೆ ತಿರುವಿ, ಇಳಿಸೋ ಮುಂಚೆ ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕ್ತಾರೆ. ಮೈಲುತುತ್ತ ಅಂದ್ರೆ ನಮ್ಮ ತೋಟದೋರಿಗೆಲ್ಲ ಗೊತ್ತು, ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಮಾಡೋವಾಗ ಒಂದು ಕೆಜಿ ಅದು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅಡಿಕೆ ಕೊನೆ ಕಾಯೋದೂ ಅದೇ, ಆ ಹುಡುಗನ ಅಡಿಕೆ ಥೀಸಿಸ್ ಕಾಯೋದೂ ಅದೇ. ಅಜ್ಜ ಇದನ್ನ ಅವರಪ್ಪನಿಂದ ಕಲ್ತಿದ್ದಂತೆ.

ಸರಿ, ಬೇಜಾರಾಗಿದ್ದನ್ನೂ ಹೇಳ್ಬೇಕು. ನಾನು ಏಳು ಕಾಪಿ ಮಾಡ್ಸಿದ್ದೆ, ಸಾಗರಕ್ಕೆ ತಗೊಂಡು ಹೋಗಿ ರಾತ್ರಿ ಬಿಚ್ಚಿ ನೋಡಿದ್ರೆ ಎರಡು ಕಾಪೀಲಿ ನಾಲ್ಕನೇ ಅಧ್ಯಾಯದ ಒಂದು ಕಂತೆ ಪೂರ್ತಿ ತಲೆಕೆಳಗೆ ಸೇರಿತ್ತು. ಸಬ್ಮಿಶನ್‌ಗೆ ಮೂರೇ ದಿನ ಇತ್ತು. ಫೋನ್ ಮಾಡಿದ್ರೆ ಎತ್ತಲ್ಲ, ಅವರು ರಾತ್ರಿ ಎಂಟಾದ ಮೇಲೆ, ಮಧ್ಯಾಹ್ನ ಊಟದ ಹೊತ್ತಲ್ಲಿ ಫೋನ್ ಎತ್ತೋದೇ ಇಲ್ಲ, ಇದು ತಪ್ಪು, ಸೀಸನ್ನಲ್ಲಾದ್ರೂ ಎತ್ತಬೇಕು, ದೂರದಿಂದ ಬರೋ ಮಕ್ಕಳ ಜೀವ ಹೋಗುತ್ತೆ. ಬೆಳಗ್ಗೆ ಮೊದಲ್ನೇ ಬಸ್ಸಿಗೆ ಮತ್ತೆ ಹೋದೆ. ಅಣ್ಣನ ಮುಖ ಸಣ್ಣದಾಯ್ತು, ಎರಡನ್ನೂ ಬಿಚ್ಚಿ ಹೊಸದಾಗಿ ರೆಕ್ಸಿನ್ ಹಾಕಿ ಸಂಜೆ ಕೊಟ್ರು, ಬಸ್ ಚಾರ್ಜನ್ನೂ ಕೊಡೋಕೆ ಬಂದ್ರು, ನಾನು ತಗೊಳ್ಳಲಿಲ್ಲ. ಆದ್ರೂ ನನ್ನ ಒಂದು ದಿನ ಹೋಯ್ತು, ಕಾಲೇಜಿಗೆ ರಜೆ ಹಾಕ್ಬೇಕಾಯ್ತು, ನಾನು ಗೆಸ್ಟ್ ಲೆಕ್ಚರರ್, ರಜೆ ಅಂದ್ರೆ ಸಂಬಳ ಕಟ್. ಅದಕ್ಕೇ ನಿಮಗೆಲ್ಲ ಹೇಳ್ತೀನಿ, ಅಂಗಡೀಲೇ ನಿಂತು ಪ್ರತಿ ಕಾಪಿ ಪ್ರತಿ ಪೇಜು ತಿರುವಿ ನೋಡಿ ಆಮೇಲೆ ದುಡ್ಡು ಕೊಡಿ. ಅರ್ಧ ಸ್ಟಾರ್ ಇದಕ್ಕೆ ಕಟ್ ಮಾಡ್ತೀನಿ, ಐದಕ್ಕೆ ನಾಲ್ಕೂವರೆ.

ರೇಟು ನಂಗಾಗಿದ್ದು ಹೇಳ್ತೀನಿ, ನಿಮಗೆ ಸ್ವಲ್ಪ ಹೆಚ್ಚು ಕಮ್ಮಿ ಆಗ್ಬಹುದು. ಬ್ಲಾಕ್ ಪ್ರಿಂಟ್ ಪೇಜಿಗೆ 2 ರೂಪಾಯಿ, ಕಲರ್ 12, ಹಾರ್ಡ್ ಬೈಂಡಿಂಗ್ ಚಿನ್ನದಕ್ಷರ ಸೇರಿ ಕಾಪಿಗೆ 320. ನುಡಿ ಯುನಿಕೋಡ್ ಮಾಡಿ ಓದಿ ತಿದ್ದಿದ್ದಕ್ಕೆ ಪೇಜಿಗೆ 10 ತಗೊಂಡ್ರು, ಆ ಕೆಲಸಕ್ಕೆ ಅದು ಬಹಳ ಕಮ್ಮಿ, ಕೇಳಿದ್ರೆ ನಾನು ಇನ್ನೂ ಕೊಡ್ತಿದ್ದೆ. ಮಳೆ ಹಿಡಿಯೋಕೆ ಮುಂಚೆ ಹೋಗಿ, ಮಳೆಗಾಲದಲ್ಲಿ ಅಂಟು ಒಣಗೋಕೆ ಎರಡು ಮೂರು ದಿನ ಜಾಸ್ತಿ ಹಿಡಿಯುತ್ತೆ.

ಏಳರಲ್ಲಿ ಒಂದು ಕಾಪಿ ನಾನು ನಮ್ಮ ದೊಡ್ಡವ್ವಂಗೆ ಕೊಟ್ಟೆ, ನಂಗೆ ಅರ್ಧ ಹಾಡು ಹೇಳಿಕೊಟ್ಟೋಳು ಅವಳೇ. ಅವಳಿಗೆ ಓದೋಕೆ ಬರಲ್ಲ. ಜಗಲೀಲಿ ಕೂತು ಒಂದೊಂದೇ ಹಾಳೆ ತಿರುವಿ ತಾನು ಬರೆದ ಬುಟ್ಟಿ ಇರೋ ಪೇಜು ಹುಡುಕಿದ್ಲು, ಬೆರಳಿಟ್ಟು ಕೆಂಪು ಸವರಿದ್ಲು, ಕೆಂಪು ಸರಿ ಬಂದೈತಿ ಅಂದ್ಲು. ಆಮೇಲೆ ಹತ್ರ ಹಿಡ್ದು ನೋಡಿ, "ಈ ಹಳದಿ ಗುರಿಗೆದಲ್ಲ ಕಣೆ, ಅರಿಶಿಣ ಹಚ್ಚಿದಂಗೆ ಐತಿ" ಅಂದ್ಲು. ಅಣ್ಣಂಗೆ ಹೇಳ್ದೆ. ಗುರಿಗೆ ಕಾಯಿ ಸಿಕ್ಕಿದ್ರೆ ತನ್ನಿ ಮೇಡಂ, ಪುಸ್ತಕ ಆಗೋವಾಗ ಸರಿ ಮಾಡಿಕೊಡ್ತೀನಿ ಅಂದಿದಾರೆ. ದೊಡ್ಡವ್ವ ಕಾಯಿ ತೆಗೆದಿಟ್ಟಿದಾಳೆ, ಬರೋ ಶನಿವಾರ ತಗೊಂಡು ಹೋಗ್ತಿದೀನಿ.